ಇಟ್ಟದ್ದಷ್ಟೇ ಸಿಗುವ ಲೋಕ: ವರ್ಚುವಲ್ ವಿಶ್ವವಿದ್ಯಾಲಯದ ವಾದಕ್ಕೊಂದು ಖಂಡನೆ

ಉನ್ನತ ಶಿಕ್ಷಣದ ಭವಿಷ್ಯವಿರುವುದು ವರ್ಚುವಲ್ ಲೋಕಗಳಲ್ಲಿ ಎಂಬ ಮಾತು ಶಿಕ್ಷಣ ಸಮ್ಮೇಳನಗಳಲ್ಲಿ, ಸರ್ಕಾರಿ ಪ್ರಕಟಣೆಗಳಲ್ಲಿ, ಕಂಪನಿಗಳ ಜಾಹೀರಾತುಗಳಲ್ಲಿ ಈಗ ಪ್ರಶ್ನೆಗೆ ಎಡೆಯಿಲ್ಲದ ಸಿದ್ಧಾಂತದ ಧಾಟಿಯಲ್ಲಿ ಕೇಳಿಬರುತ್ತಿದೆ. ವರ್ಚುವಲ್ ಲೋಕವೆಂದರೆ ಗಣಕಯಂತ್ರ ರಚಿಸಿದ ಮೂರು ಆಯಾಮದ ಒಂದು ಆವರಣ. ಬಳಸುವವರು ಹೆಡ್‌ಸೆಟ್ ಎಂಬ ಸಾಧನವನ್ನು ಕಣ್ಣಿಗೆ ಕಟ್ಟಿಕೊಂಡೋ ಬರಿಯ ಪರದೆಯ ಮುಂದೆ ಕುಳಿತೋ ಅದರೊಳಗೆ ಹೋಗುತ್ತಾರೆ, ಮತ್ತು ಅವತಾರ್ ಎಂದು ಕರೆಯಲಾಗುವ ಒಂದು ಚಿತ್ರರೂಪವು ಅವರ ಪರವಾಗಿ ಅಲ್ಲಿ ನಡೆದಾಡಿ ಇತರರ ಅವತಾರ್‌ಗಳನ್ನು ಕಾಣುತ್ತದೆ. ಇಂಥ ಲೋಕಗಳೆಲ್ಲ ಒಂದಕ್ಕೊಂದು ಕೂಡಿ ಆಗಲಿದೆಯೆಂದು ಹೇಳಲಾಗುವ ಮಹಾಜಾಲಕ್ಕೆ ಮೆಟಾವರ್ಸ್ ಎಂದು ಹೆಸರು. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡ ಮೇಲೆ ಈ ಹೆಸರು ಕನ್ನಡ ಪತ್ರಿಕೆಗಳ ಓದುಗರಿಗೂ ಪರಿಚಿತವಾಯಿತು. ಮುಂದಿನ ವಿಶ್ವವಿದ್ಯಾಲಯಕ್ಕೆ ಗೋಡೆ ಬೇಕಾಗದು, ವಿಜಾಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಯೊಂದರಲ್ಲಿ ಕುಳಿತ ವಿದ್ಯಾರ್ಥಿನಿಯೂ ಬೆಂಗಳೂರಿನ ಅಥವಾ ಬಾಸ್ಟನ್ನಿನ ಪ್ರಯೋಗಾಲಯದಲ್ಲಿ ನಿಂತಂತೆಯೇ ಕಲಿಯಬಹುದು, ಆದ್ದರಿಂದ ಊರು ದೂರ ಎಂಬ ಹಳೆಯ ಅನ್ಯಾಯ ತಾನಾಗಿ ಕೊನೆಗೊಳ್ಳುತ್ತದೆ ಎಂಬುದು ಈ ವಾದದ ತಿರುಳು.

ಈ ವಾದವನ್ನು ಎದುರಿಸುವವರು ಸಾಮಾನ್ಯವಾಗಿ ಬೆಲೆಯ ಮಾತೆತ್ತುತ್ತಾರೆ: ಹೆಡ್‌ಸೆಟ್ ದುಬಾರಿ, ಹಳ್ಳಿಯಲ್ಲಿ ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ ಎನ್ನುತ್ತಾರೆ. ಈ ಆಕ್ಷೇಪ ನಿಜವಾದರೂ ದುರ್ಬಲ, ಏಕೆಂದರೆ ಇಂದು ದುಬಾರಿಯಾದ ಯಂತ್ರ ನಾಳೆ ಅಗ್ಗವಾಗುತ್ತದೆ, ಇಂದು ಬಾರದ ತರಂಗ ನಾಳೆ ಬರುತ್ತದೆ, ಮತ್ತು ಅಂದು ಆಕ್ಷೇಪಿಸಿದವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಪ್ರತಿ ಮನೆಗೂ ಒಂದು ಹೆಡ್‌ಸೆಟ್ ಪುಕ್ಕಟೆಯಾಗಿ ಬಂದರೂ, ವಿದ್ಯುತ್ತು ಕ್ಷಣವೂ ಕಡಿಯದಿದ್ದರೂ ವರ್ಚುವಲ್ ವಿಶ್ವವಿದ್ಯಾಲಯದ ವಾದ ತಪ್ಪಾಗಿಯೇ ಉಳಿಯುತ್ತದೆ. ಉನ್ನತ ಶಿಕ್ಷಣವೆಂದರೆ ಏನು ಎಂಬ ಮೂಲಪ್ರಶ್ನೆಗೆ ಅದು ಕೊಟ್ಟುಕೊಂಡ ಉತ್ತರದಲ್ಲಿಯೇ ತಪ್ಪಿರುವುದು ಇದಕ್ಕೆ ಕಾರಣ.

ಆಕಾಶದಿಂದ ಪಾಠ ಇಳಿದುಬರುತ್ತದೆ ಎಂಬ ಭರವಸೆ ವಿಜಾಪುರ ಸೀಮೆಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆ ಅಮೆರಿಕದ ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ನೇರವಾಗಿ ತಲುಪಿಸಿತು. ಸೈಟ್ ಎಂಬ ಸಂಕ್ಷಿಪ್ತ ಹೆಸರಿನ ಆ ಉಪಗ್ರಹ ಬೋಧನಾ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದವು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಶಾಲೆಯ ಮುಂದೆ ತಂತಿಜಾಲರಿಯ ದೊಡ್ಡ ಆಂಟೆನಾ ನೆಟ್ಟು, ಬೆಳಿಗ್ಗೆ ಮಕ್ಕಳಿಗೂ ಸಂಜೆ ದೊಡ್ಡವರಿಗೂ ಕನ್ನಡದಲ್ಲಿ ಕಾರ್ಯಕ್ರಮಗಳನ್ನು ತೋರಿಸಲಾಯಿತು. ಆ ಕಾಲದ ಜಗತ್ತಿನಲ್ಲಿಯೇ ಅಷ್ಟು ದೊಡ್ಡ ಪ್ರಯತ್ನ ಬೇರೊಂದಿರಲಿಲ್ಲ. ಅದನ್ನು ಕಟ್ಟಿದ ವಿಜ್ಞಾನಿಗಳ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೆ ಒಂದು ವರ್ಷ ಮುಗಿದ ದಿನ ಉಪಗ್ರಹದ ಒಡೆಯರು ಅದನ್ನು ಹಿಂದಕ್ಕೆ ಪಡೆದರು, ಮತ್ತು ಹಳ್ಳಿಗಳ ಪರದೆಗಳು ಖಾಲಿಯಾದವು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟ ಅದರ ಭಾಗವು ಪರದೆಯನ್ನೊಂದೇ ನೆಚ್ಚಿರಲಿಲ್ಲ. ಶಿಕ್ಷಕರು ಒಂದೆಡೆ ಸೇರಿ, ಅಚ್ಚಾದ ಕೈಪಿಡಿ ಹಿಡಿದು, ಮಾರ್ಗದರ್ಶಕರ ಎದುರು ಪ್ರಯೋಗಗಳನ್ನು ತಾವೇ ಮಾಡಿ ನೋಡುವ ವ್ಯವಸ್ಥೆ ಅದರ ಜೊತೆಗಿತ್ತು. ಪರದೆ ಹೋದ ಮೇಲೂ ಅವರಲ್ಲಿ ಏನಾದರೂ ನಿಂತಿದ್ದರೆ ಅದು ಹೀಗೆ ಕೈಯಿಂದ ಮಾಡಿ ಕಲಿತದ್ದು.

ಸುಮಾರು ಮೂವತ್ತು ವರ್ಷಗಳ ತರುವಾಯ, 2004ರ ಸೆಪ್ಟೆಂಬರ್ 20ರಂದು, ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಕಕ್ಷೆ ಸೇರಿದಾಗ ಅದರ ಮೊದಲ ಪ್ರಯೋಗಗಳಲ್ಲೊಂದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೂಲಕ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೇ ನಡೆಯಿತು. ನುರಿತ ಅಧ್ಯಾಪಕರ ಉಪನ್ಯಾಸ ಎಲ್ಲ ಕಾಲೇಜುಗಳಿಗೂ ತಲುಪಿದರೆ ಅಧ್ಯಾಪಕರ ಕೊರತೆ ನೀಗುತ್ತದೆ ಎಂಬ ಮಾತು ಆಗಲೂ ಇತ್ತು. ಆ ಉಪಗ್ರಹದ ಆಯುಷ್ಯ 2010ರಲ್ಲಿ ಮುಗಿಯಿತು. ಅಧ್ಯಾಪಕರ ಕೊರತೆ ಮುಗಿಯಲಿಲ್ಲ. 2012ರ ಸುಮಾರಿಗೆ ಲಕ್ಷಾಂತರ ಜನ ಒಮ್ಮೆಗೇ ಸೇರಬಹುದಾದ ಅಂತರಜಾಲದ ಕೋರ್ಸುಗಳು ಬಂದಾಗಲೂ ವಿಶ್ವವಿದ್ಯಾಲಯಗಳ ಕಾಲ ಮುಗಿಯಿತೆಂಬ ಘೋಷಣೆ ಕೇಳಿತು, ಆದರೆ 2013ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಸರ್ಕಾರಿ ವಿಶ್ವವಿದ್ಯಾಲಯವು ಉಡಾಸಿಟಿ ಕಂಪನಿಯೊಡನೆ ಆರಂಭಿಸಿದ ಅಂಥ ಕೋರ್ಸುಗಳಲ್ಲಿ ತೇರ್ಗಡೆಯ ಪ್ರಮಾಣ ಎಷ್ಟು ಕುಸಿಯಿತೆಂದರೆ ಆರು ತಿಂಗಳಲ್ಲಿಯೇ ಅವನ್ನು ತಡೆಹಿಡಿಯಬೇಕಾಯಿತು. ಪ್ರತಿ ಸಲವೂ ಹೊಸ ಯಂತ್ರವನ್ನು ತಂದವರು ಹಳೆಯ ಯಂತ್ರದ ಸೋಲಿಗೆ ಅದರ ಚಿತ್ರ ಸಾಕಷ್ಟು ನೈಜವಾಗಿರಲಿಲ್ಲವೆಂಬ ಕಾರಣವನ್ನೇ ಕೊಟ್ಟಿದ್ದಾರೆ. ಚಿತ್ರ ಎಷ್ಟು ನೈಜವಾದರೂ ಅದು ಚಿತ್ರವೇ ಎಂಬುದನ್ನು ಒಪ್ಪಿಕೊಂಡಿಲ್ಲ.

ವರ್ಚುವಲ್ ಲೋಕಕ್ಕೆ ಮಾತ್ರ ವಿಶೇಷವಾದ ಮತ್ತೊಂದು ದೋಷವಿದೆ. ಅಲ್ಲಿ ನೆಲವೂ ಬಾಡಿಗೆಯದು. 2003ರಲ್ಲಿ ಆರಂಭವಾದ ಸೆಕೆಂಡ್ ಲೈಫ್ ಎಂಬ ಲೋಕದಲ್ಲಿ ಪಶ್ಚಿಮದ ನೂರಾರು ವಿಶ್ವವಿದ್ಯಾಲಯಗಳು ಹಣ ತೆತ್ತು ದ್ವೀಪಗಳನ್ನು ಪಡೆದು, ಗ್ರಂಥಾಲಯ, ಸಭಾಂಗಣಗಳ ಆಕೃತಿಗಳನ್ನು ಕಟ್ಟಿಕೊಂಡವು. 2010ರಲ್ಲಿ ಅದರ ಒಡೆತನದ ಲಿಂಡನ್ ಲ್ಯಾಬ್ ಕಂಪನಿ ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ರಿಯಾಯಿತಿಯನ್ನು ನಿಲ್ಲಿಸುವುದಾಗಿ ಸಾರಿದ ಮೇಲೆ ಅವುಗಳಲ್ಲಿ ಅನೇಕವು ಕಟ್ಟಿದ್ದನ್ನೆಲ್ಲ ಬಿಟ್ಟು ಹೊರಬಂದವು. ಮೈಕ್ರೋಸಾಫ್ಟ್ ಕಂಪನಿ ತಾನು ಕೊಂಡಿದ್ದ ಆಲ್ಟ್‌ಸ್ಪೇಸ್ ವಿಆರ್ ಎಂಬ ಲೋಕವನ್ನು 2023ರ ಮಾರ್ಚಿನಲ್ಲಿ ಮುಚ್ಚಿತು. ಮೋಝಿಲ್ಲಾ ಸಂಸ್ಥೆಯ ಹಬ್ಸ್ ಎಂಬ ಲೋಕವೂ 2024ರಲ್ಲಿ ಮುಚ್ಚಿತು. ಮೆಟಾ ಕಂಪನಿಯಲ್ಲಿ ಇಂಥ ಲೋಕಗಳನ್ನು ಕಟ್ಟುವ ವಿಭಾಗ 2022ನೇ ಇಸವಿಯೊಂದರಲ್ಲೇ 1,300 ಕೋಟಿ ಡಾಲರಿಗೂ ಮೀರಿದ ನಷ್ಟ ತೋರಿಸಿತು. ಲಾಭವಿಲ್ಲದ ದಿನ ಬಾಗಿಲು ಹಾಕಬಹುದಾದ ಸ್ಥಳದಲ್ಲಿ ಒಂದು ನಾಡಿನ ತರುಣರ ಪದವಿಯನ್ನು ಇಡುವುದು ವಿವೇಕವಲ್ಲ. ವಿಜಾಪುರದಲ್ಲಿ 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಶತಮಾನ ದಾಟಿ ನಡೆಯುತ್ತಿರುವುದು, ಅದು ಊರವರ ವಂತಿಗೆ, ಊರವರ ನೆಲ, ಊರವರ ಹೊಣೆಗಾರಿಕೆಗಳ ಮೇಲೆ ನಿಂತಿರುವುದರಿಂದ.

ಇಷ್ಟು ಹೇಳಿದರೂ ವಾದದ ಹೃದಯವನ್ನು ಮುಟ್ಟಿದಂತಾಗಲಿಲ್ಲ, ಮತ್ತು ಅದನ್ನು ಮುಟ್ಟಲು ಹಲಸಂಗಿಗಿಂತ ತಕ್ಕ ಸ್ಥಳವಿಲ್ಲ. ಹಿಂದಿನ ಇಂಡಿ ತಾಲ್ಲೂಕಿನ ಈ ಹಳ್ಳಿಯನ್ನು ವರ್ಚುವಲ್ ಪಕ್ಷದವರು ತಮ್ಮ ಸಾಕ್ಷಿಯಾಗಿಯೇ ಕರೆಯಬಹುದು. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ (1903–1953) ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ, ಅಂದರೆ ಅಂದಿನ ಮುಂಬಯಿ ಪ್ರಾಂತದಲ್ಲಿ ಪ್ರಾಥಮಿಕ ಶಿಕ್ಷಣದ ಕೊನೆಯಲ್ಲಿ ಇರುತ್ತಿದ್ದ ಪರೀಕ್ಷೆಯವರೆಗೆ. ಅವರ ಗೆಳೆಯರಾದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರು. ಅವರ ಜೊತೆಗಿದ್ದ ಧೂಲಾಸಾಹೇಬರೂ ಕಾಪಸೆ ರೇವಪ್ಪನವರೂ ಹಳ್ಳಿಯ ಬದುಕಿನವರೇ. ಈ ಹಲಸಂಗಿ ಗೆಳೆಯರು ಹೊರತಂದ ‘ಗರತಿಯ ಹಾಡು’ (1931), ‘ಜೀವನ ಸಂಗೀತ’ (1933), ‘ಮಲ್ಲಿಗೆ ದಂಡೆ’ (1935) ಸಂಗ್ರಹಗಳು ಕನ್ನಡ ಜಾನಪದ ಅಧ್ಯಯನದ ಅಡಿಗಲ್ಲುಗಳಾದವು. ವಿಶ್ವವಿದ್ಯಾಲಯಗಳು ಜಾನಪದವನ್ನು ವಿಷಯವೆಂದು ಒಪ್ಪಿದ್ದು ಆಮೇಲೆ, ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಬಂದದ್ದು 2011ರಲ್ಲಿ. ಕಾಲೇಜಿನ ಮೆಟ್ಟಿಲು ಹತ್ತದ ಹಳ್ಳಿಗರು ಇಷ್ಟನ್ನು ಸಾಧಿಸಿದರೆಂದ ಮೇಲೆ ಕಟ್ಟಡ, ಆವರಣ, ಅಧ್ಯಾಪಕವರ್ಗ ಇವೆಲ್ಲ ಏಕೆ ಬೇಕು, ಜ್ಞಾನವನ್ನು ಹಳ್ಳಿಗೇ ತಲುಪಿಸಿದರೆ ಸಾಲದೇ ಎಂದು ಅವರು ಕೇಳಬಹುದು.

ಈ ಪ್ರಶ್ನೆಯನ್ನು ಕೇಳುವವರು ಹಲಸಂಗಿಯಲ್ಲಿ ನಡೆದದ್ದೇನೆಂಬುದನ್ನು ಸರಿಯಾಗಿ ನೋಡಿಲ್ಲ. ಹಲಸಂಗಿಗೆ ಯಾರೂ ಜ್ಞಾನವನ್ನು ತಲುಪಿಸಲಿಲ್ಲ. ಅದು ಅಲ್ಲಿ ಹುಟ್ಟಿತು, ಮತ್ತು ಹುಟ್ಟಲು ಎರಡು ಸಂಗತಿಗಳು ಬೇಕಾದವು. ಮೊದಲನೆಯದು ಬಳಗ: ಓದಿದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುವ, ಬರೆದದ್ದನ್ನು ಮುಖಕ್ಕೆ ಹೇಳಿ ತಿದ್ದುವ, ಜಾತಿ ಧರ್ಮಗಳ ಗೆರೆ ದಾಟಿ ವರ್ಷಗಟ್ಟಲೆ ಒಂದೇ ಊರಿನಲ್ಲಿ ಕೂಡಿ ಬಾಳಿದ, ಧಾರವಾಡದ ಕವಿ ಬೇಂದ್ರೆಯವರ ಗೆಳೆತನವನ್ನೂ ಸಂಪಾದಿಸಿಕೊಂಡ ಒಂದು ಗುಂಪು. ಎರಡನೆಯದು ಮತ್ತು ಇಲ್ಲಿಯ ಚರ್ಚೆಗೆ ಇನ್ನೂ ಮುಖ್ಯವಾದದ್ದು, ಆ ಗುಂಪು ಎದುರಿಸಿದ ಅಜ್ಞಾತ ವಸ್ತು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳು, ಅಂದರೆ ಮೂರು ಸಾಲಿನ ಹಾಡುಗಳು, ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಎಷ್ಟಿವೆ, ಹೇಗಿವೆ, ಯಾರ ಬಳಿ ಇವೆ ಎಂಬುದು ಸಂಗ್ರಹಿಸಲು ಹೊರಟವರಿಗೆ ಮೊದಲೇ ತಿಳಿದಿರಲಿಲ್ಲ. ಒಂದು ಮನೆಯಲ್ಲಿ ಕೇಳಿದ ನುಡಿ ಇನ್ನೊಂದು ಮನೆಯಲ್ಲಿ ಬೇರೆಯಾಗಿ ಕೇಳುವುದು ಬಾಯಿಮಾತಿನ ಹಾಡಿನ ಸ್ವಭಾವವಾದ್ದರಿಂದ, ಯಾವುದನ್ನು ಬರೆದುಕೊಳ್ಳಬೇಕೆಂಬುದನ್ನು ಮತ್ತೆ ಕೇಳಿ, ತೂಗಿ ನೋಡಿ ತೀರ್ಮಾನಿಸಬೇಕಿತ್ತು. ಅಪರಿಚಿತನ ಮುಂದೆ ಹೆಣ್ಣುಮಗಳು ಹಾಡುವುದಿಲ್ಲ; ಅವ್ವ, ಅಕ್ಕ, ಚಿಗವ್ವ ಎಂದು ಕರೆಯುವ ಸಂಬಂಧವಿದ್ದಲ್ಲಿ ಮಾತ್ರ ಅವಳ ಬಾಯಿ ತೆರೆಯುತ್ತದೆ. ವಿದ್ವತ್ತಿಗೆ ಬೇಕಾದ ಗುಣಗಳೆಲ್ಲ, ಎಂದರೆ ಗೊತ್ತಿಲ್ಲದ್ದರ ಮುಂದಿನ ವಿನಯ, ಪಾಠಾಂತರಗಳ ಪರಿಶೀಲನೆ, ಸಾಕ್ಷಿ ಕೊಟ್ಟವರ ಬಗೆಗಿನ ಋಣ, ಈ ಕೆಲಸದಲ್ಲಿಯೇ ಇದ್ದವು.

ವರ್ಚುವಲ್ ಲೋಕ ಇದನ್ನು ಕೊಡಲಾರದು, ಮತ್ತು ಅದರ ಕಾರಣ ತಂತ್ರಜ್ಞಾನದ ಇಂದಿನ ಮಿತಿಯಲ್ಲ. ಆ ಲೋಕದಲ್ಲಿರುವ ಪ್ರತಿಯೊಂದು ವಸ್ತುವನ್ನೂ ಯಾರೋ ಮೊದಲೇ ಅಲ್ಲಿ ಇಟ್ಟಿರುತ್ತಾರೆ ಅಥವಾ ಅದು ಹೀಗೆಯೇ ಹುಟ್ಟಬೇಕೆಂಬ ನಿಯಮವನ್ನು ಮೊದಲೇ ಬರೆದಿರುತ್ತಾರೆ. ಅಲ್ಲಿ ಎಷ್ಟು ಅಲೆದರೂ ವಿದ್ಯಾರ್ಥಿಗೆ ಸಿಗುವುದು ಇಟ್ಟದ್ದಷ್ಟೇ. ಶಾಲೆಯ ಹಂತದಲ್ಲಿ ಇದು ದೊಡ್ಡ ದೋಷವಲ್ಲ, ಏಕೆಂದರೆ ಅಲ್ಲಿ ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ತಿಳಿಸುವುದೇ ಬಹುಮಟ್ಟಿನ ಕೆಲಸ. ಉನ್ನತ ಶಿಕ್ಷಣ ಬೇರೆಯಾಗುವುದು ಇಲ್ಲಿಯೇ: ಅಧ್ಯಾಪಕರಿಗೂ ಗೊತ್ತಿಲ್ಲದ ಪ್ರಶ್ನೆಯೊಂದರ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸುವುದು ಅದರ ಧರ್ಮ. ಕೃಷಿ ಓದುವ ವಿದ್ಯಾರ್ಥಿ ಡೋಣಿ ಹೊಳೆಯ ಬಯಲಿನ ಎರೆಭೂಮಿಗೆ ಹೋದರೆ, ಬೇಸಿಗೆಯಲ್ಲಿ ಅದು ಬಿಡುವ ಬಿರುಕಿನ ಆಳವನ್ನು ಅಳೆದರೆ, ಹೊಳೆ ಉಕ್ಕಿದ ವರ್ಷ ಯಾವ ಹೊಲದ ಮಣ್ಣು ಹಸನಾಯಿತು, ಯಾವುದು ಸವುಳಾಯಿತು ಎಂದು ರೈತರನ್ನು ಕೇಳಿದರೆ, ಪಠ್ಯಪುಸ್ತಕ ಬರೆದವರಿಗೂ ತಿಳಿಯದ ಸಂಗತಿ ಅವನ ಕೈಗೆ ಸಿಗಬಹುದು. ಅದೇ ಹೊಲದ ಮೂರು ಆಯಾಮದ ಚಿತ್ರದಲ್ಲಿ ಬಿರುಕಿನ ಆಳ ಚಿತ್ರಕಾರ ಬರೆದಷ್ಟೇ ಇರುತ್ತದೆ.

ಹವಾಮಾನದ ಶಾಸ್ತ್ರಜ್ಞರು ಗಣಕಯಂತ್ರದ ಅನುಕರಣೆಗಳಿಂದಲೇ ಹೊಸ ಸಂಗತಿಗಳನ್ನು ಕಂಡುಕೊಳ್ಳುತ್ತಾರಲ್ಲ ಎಂಬ ಪ್ರತಿವಾದ ಇಲ್ಲಿ ಬರಬಹುದು. ಅವರು ಕಂಡುಕೊಳ್ಳುವುದು ನಿಜ. ಆದರೆ ಆ ಅನುಕರಣೆಗೆ ಮಳೆಮಾಪಕದ ಅಳತೆ, ಗಾಳಿಯ ಒತ್ತಡದ ಅಳತೆ ಹೊರಗಿನಿಂದ ಬರುತ್ತವೆ, ಮತ್ತು ಅದು ಹೇಳಿದ್ದು ಸರಿಯೇ ತಪ್ಪೇ ಎಂಬ ತೀರ್ಪನ್ನು ನಾಳಿನ ನಿಜವಾದ ಮಳೆ ಕೊಡುತ್ತದೆ. ಇನ್ನು ಅವತಾರ್‌ಗಳ ಹಿಂದೆ ನಿಜವಾದ ಮನುಷ್ಯರೇ ಇದ್ದು ಪರಸ್ಪರ ಮಾತಾಡಬಹುದು ಎನ್ನುವವರು ಹೇಳುತ್ತಿರುವುದು ದೂರವಾಣಿಯ ಗುಣವನ್ನು. ಅದಕ್ಕೆ ಲೋಕವೊಂದನ್ನು ಕಟ್ಟಬೇಕಾಗಿಲ್ಲ.

ವರ್ಚುವಲ್ ಸಾಧನಗಳಿಗೆ ಉಪಯೋಗವೇ ಇಲ್ಲವೆಂದು ಇಲ್ಲಿ ಹೇಳುತ್ತಿಲ್ಲ. ಎಡ್ವಿನ್ ಲಿಂಕ್ 1929ರಲ್ಲಿ ವಿಮಾನ ಚಾಲಕರಿಗಾಗಿ ಮಾಡಿದ ಅನುಕರಣ ಯಂತ್ರದಿಂದ ಹಿಡಿದು ಇಂದಿನ ಶಸ್ತ್ರಚಿಕಿತ್ಸೆಯ ಅಭ್ಯಾಸದವರೆಗೆ, ತಪ್ಪು ಮಾಡಿದರೆ ಪ್ರಾಣ ಹೋಗುವ ಕೆಲಸಗಳಲ್ಲಿ ಕೈ ಪಳಗಿಸಲು ಅವು ಬೇಕೇ ಬೇಕು, ಸೂರತ್ಕಲ್ಲಿನ ಎನ್.ಐ.ಟಿ.ಕೆ. ಮೊದಲಾದ ಸಂಸ್ಥೆಗಳು ಕೂಡಿ ರೂಪಿಸಿದ ವರ್ಚುವಲ್ ಲ್ಯಾಬ್‌ಗಳು ಉಪಕರಣಗಳಿಲ್ಲದ ಕಾಲೇಜಿನ ವಿದ್ಯಾರ್ಥಿಗೆ ಪ್ರಯೋಗದ ಪೂರ್ವಸಿದ್ಧತೆಯಾಗಿ ಒಳ್ಳೆಯವೇ. ಆಕ್ಷೇಪವಿರುವುದು ಪೂರಕವನ್ನು ಬದಲಿಯೆಂದು ಮಾರುವ ಬಗ್ಗೆ. ಇಂಡಿಯ ವಿದ್ಯಾರ್ಥಿಗೆ ಹೆಡ್‌ಸೆಟ್ಟಿನಲ್ಲಿ ರೋಮ್ ನಗರದ ಗುಮ್ಮಟ ತೋರಿಸಿ, ಬಸ್ಸಿನಲ್ಲಿ ಹೋಗಿ ನೋಡಬಹುದಾದ ವಿಜಾಪುರದ ಗೋಳಗುಮ್ಮಟದಲ್ಲಿ ಒಂದನ್ನೊಂದು ಕತ್ತರಿಸಿ ಏಳುವ ಕಮಾನುಗಳ ಮೇಲೆ ಅಷ್ಟು ಭಾರದ ಗುಮ್ಮಟ ಹೇಗೆ ನಿಂತಿದೆಯೆಂದು ಕೇಳದಿರುವ ಶಿಕ್ಷಣ, ಆದಿಲಶಾಹಿ ಕಾಲದ ನೆಲದಡಿಯ ನೀರಿನ ಸುರಂಗಗಳಾದ ಕಾರೇಜುಗಳನ್ನು ಇಳಿದು ನೋಡಿಸದ ಶಿಕ್ಷಣ, ಎಷ್ಟು ಆಧುನಿಕವಾಗಿ ಕಂಡರೂ ಬಡ ಶಿಕ್ಷಣ.

ವಾದದ ಅತ್ಯಂತ ಬಲವಾದ ಅಂಶ ಹೆಣ್ಣುಮಕ್ಕಳನ್ನು ಕುರಿತದ್ದು, ಮತ್ತು ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಊರು ಬಿಟ್ಟು ಕಳಿಸಲು ಒಪ್ಪದ ಮನೆಗಳಲ್ಲಿ ಪಿಯುಸಿ ಮುಗಿಸಿದ ಹುಡುಗಿಗೆ ಹೆಡ್‌ಸೆಟ್ಟಾದರೂ ಸಿಕ್ಕರೆ ಏನೂ ಇಲ್ಲದಿರುವುದಕ್ಕಿಂತ ಮೇಲಲ್ಲವೇ ಎಂದು ಕೇಳಲಾಗುತ್ತದೆ. ಕರುಣೆಯಿಂದ ಹುಟ್ಟಿದ ಈ ಪ್ರಶ್ನೆ ಕೊನೆಗೆ ಕಟ್ಟುಪಾಡಿನ ಪರವಾಗಿ ವಾದಿಸುತ್ತದೆ. ಮನೆಯಲ್ಲಿಯೇ ಪದವಿ ಸಿಗುತ್ತದೆಂದಾದರೆ ಮಗಳನ್ನು ಹೊರಗೆ ಕಳಿಸಬೇಕೆಂಬ ಒತ್ತಾಯ ತಂದೆಯ ಮೇಲೂ ಇರುವುದಿಲ್ಲ, ಹಾಸ್ಟೆಲ್ ಕಟ್ಟಬೇಕೆಂಬ ಒತ್ತಾಯ ಸರ್ಕಾರದ ಮೇಲೂ ಇರುವುದಿಲ್ಲ. ಅವಳು ಒಲೆಯ ಪಕ್ಕದಲ್ಲಿಯೇ ಕುಳಿತು, ಕರೆದಾಗ ಎದ್ದು, ಮಿಕ್ಕ ಹೊತ್ತಿನಲ್ಲಿ ಓದಬೇಕಾಗುತ್ತದೆ. ವಿಜಾಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ, ಮುಂದೆ ಅಕ್ಕಮಹಾದೇವಿಯ ಹೆಸರು ಪಡೆದ ಆ ಸಂಸ್ಥೆಯ ಕೊಡುಗೆಯಾಗಿ ಬಂದದ್ದರಲ್ಲಿ ತರಗತಿಯಷ್ಟೇ ಮುಖ್ಯವಾದದ್ದು ಹೆಣ್ಣುಮಕ್ಕಳು ತಮ್ಮಂಥವರೊಡನೆ ಕೂಡಿ ಇರುವ ಆವರಣ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತಗೊಳಿಸಿತು. ಮಗಳ ಬಸ್ ಖರ್ಚು ಭಾರವೆಂಬ ನೆಪವನ್ನು ತೆಗೆದುಹಾಕಿದ ಈ ಉಚಿತ ಬಸ್ ಚೀಟಿ ಈ ತಾಲ್ಲೂಕುಗಳ ಉನ್ನತ ಶಿಕ್ಷಣಕ್ಕೆ ಮಾಡುವ ಸಹಾಯವನ್ನು ಯಾವ ಹೆಡ್‌ಸೆಟ್ಟೂ ಮಾಡಲಾರದು. ಅಂಗವೈಕಲ್ಯದಿಂದ ಪ್ರಯಾಣವೇ ಅಸಾಧ್ಯವಾದವರ ವಿಷಯ ಬೇರೆ. ಅವರಿಗೆ ಬೇಕಾದ ಎಲ್ಲ ಸಾಧನಗಳೂ ದೊರೆಯಬೇಕು.

ಈ ವಾದವು ಯಾರಿಗೆ ಅನುಕೂಲವಾಗುತ್ತದೆಂಬುದನ್ನು ಹಣದ ಲೆಕ್ಕ ತಿಳಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಒಟ್ಟು ದಾಖಲಾತಿ ಪ್ರಮಾಣವನ್ನು, ಅಂದರೆ 18ರಿಂದ 23 ವರ್ಷದವರ ಒಟ್ಟು ಸಂಖ್ಯೆಗೆ ಉನ್ನತ ಶಿಕ್ಷಣಕ್ಕೆ ಸೇರಿದವರ ಶೇಕಡಾ ಪ್ರಮಾಣವನ್ನು, 2035ರ ಹೊತ್ತಿಗೆ 50ಕ್ಕೆ ಏರಿಸುವ ಗುರಿಯಿಟ್ಟಿದೆ. 2021–22ರ ಅಖಿಲ ಭಾರತ ಸಮೀಕ್ಷೆಯಲ್ಲಿ ಅದು ದೇಶಕ್ಕೆ 28.4, ಕರ್ನಾಟಕಕ್ಕೆ 36.2 ಇತ್ತು. ಈ ಅಂತರವನ್ನು ಅಧ್ಯಾಪಕರನ್ನು ನೇಮಿಸಿ ತುಂಬುವುದಕ್ಕೆ ಹಣ ಬೇಕು, ಪರದೆಯಿಂದ ತುಂಬುವುದು ಸುಲಭ. ಕರ್ನಾಟಕ 2022ರಲ್ಲಿ ಬಾಗಲಕೋಟೆ, ಕೊಪ್ಪಳ, ಹಾವೇರಿ, ಬೀದರ್ ಮೊದಲಾದೆಡೆ ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿದಾಗ ತಲಾ 2 ಕೋಟಿ ರೂಪಾಯಿಯ ಮಿತವ್ಯಯದ ಮಾದರಿಯನ್ನು, ಹೊಸ ನೆಲ ಕಟ್ಟಡಗಳಿಗಿಂತ ತಂತ್ರಜ್ಞಾನವನ್ನು ನೆಚ್ಚುವ ಮಾದರಿಯನ್ನು, ಮುಂದಿಡಲಾಯಿತು; 2025ರ ಫೆಬ್ರವರಿಗಾಗಲೇ ಹಣವಿಲ್ಲದ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯ ಮುಂದೆ ಬಂದಿತ್ತು. ಇದೇ ಅವಧಿಯಲ್ಲಿ, 2023ರ ಮಾರ್ಚಿನಲ್ಲಿ, ಧಾರವಾಡದ ಐಐಟಿಯ 470 ಎಕರೆಯ ಶಾಶ್ವತ ಆವರಣ 850 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಸಿದ್ಧವಾಗಿ ಉದ್ಘಾಟನೆಗೊಂಡಿತು. ಐಐಟಿಗೆ ಅಂಥ ಆವರಣ ಬೇಕು, ಬಂದದ್ದು ಸಂತೋಷವೇ. ಆದರೆ ಚಿತ್ರದ ತರಗತಿ ನಿಜವಾದ ತರಗತಿಗೆ ಸಮವೆಂಬುದು ಸತ್ಯವಾಗಿದ್ದರೆ, ತಂತ್ರಜ್ಞಾನವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಸಂಸ್ಥೆಗೇ ಹಾಸ್ಟೆಲು, ಪ್ರಯೋಗಾಲಯ, ಗ್ರಂಥಾಲಯಗಳು ಏಕೆ ಬೇಕಾದವು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕು. ಇದ್ದವರ ಮಕ್ಕಳಿಗೆ ಆವರಣ, ಇಲ್ಲದವರ ಮಕ್ಕಳಿಗೆ ಆವರಣದ ಚಿತ್ರ ಎಂಬ ಎರಡು ದರ್ಜೆಯ ವ್ಯವಸ್ಥೆಗೆ ಸಮಾನತೆಯೆಂಬ ಹೆಸರು ಕೊಡಲಾಗುತ್ತಿದೆ.

ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಬಹುಮಟ್ಟಿಗೆ ಸಾವಿರಾರು ಅತಿಥಿ ಉಪನ್ಯಾಸಕರಿಂದ, ಅಂದರೆ ಕಾಯಂ ನೇಮಕವಿಲ್ಲದೆ ಗೌರವಧನಕ್ಕೆ ಪಾಠ ಮಾಡುವವರಿಂದ. ಮುಂದಿನ ವರ್ಷ ಯಾವ ಕಾಲೇಜಿನಲ್ಲಿರುತ್ತೇವೆಂದು ತಿಳಿಯದವರು ವಿದ್ಯಾರ್ಥಿಯೊಬ್ಬನ ಬರವಣಿಗೆಯನ್ನು ಮೂರು ವರ್ಷ ತಿದ್ದಿ ಬೆಳೆಸುವುದು ಹೇಗೆ? ಅಂಥ ಬೆಳೆಸುವಿಕೆಗೆ ಬೇಕಾದದ್ದು ವಿದ್ಯಾರ್ಥಿಯನ್ನು ಹೆಸರಿನಿಂದ ಬಲ್ಲ, ಅವನ ತಪ್ಪಿಗೆ ತಾನೂ ಹೊಣೆಯೆಂದು ಭಾವಿಸುವ ಒಬ್ಬ ಅಧ್ಯಾಪಕ. ಹಲಸಂಗಿ ಗೆಳೆಯರಿಗೆ ಆ ಹೊಣೆಯನ್ನು ಬಳಗ ಹೊತ್ತಿತು. ಪ್ರತಿ ಹಳ್ಳಿಯಲ್ಲಿಯೂ ಅಂಥ ಬಳಗ ತಾನಾಗಿ ಹುಟ್ಟದೆಂಬ ಅರಿವಿನಿಂದಲೇ ಸಮಾಜಗಳು ಕಾಲೇಜುಗಳನ್ನು ಕಟ್ಟಿಕೊಂಡಿವೆ.

ಕನ್ನಡದ ಪ್ರಶ್ನೆಯೂ ಇದೆ. ವರ್ಚುವಲ್ ಲೋಕವನ್ನು ಕಟ್ಟುವುದು ಅತಿ ವೆಚ್ಚದ ಕೆಲಸವಾದ್ದರಿಂದ ದೊಡ್ಡ ಮಾರುಕಟ್ಟೆಯ ಭಾಷೆಯಲ್ಲಿ ಮಾತ್ರ ಅದು ಲಾಭದಾಯಕ. ಕನ್ನಡದಲ್ಲಿ ಓದಿ ಬಂದ ಸಿಂದಗಿಯ ವಿದ್ಯಾರ್ಥಿಗೆ ಅಲ್ಲಿ ಸಿಗುವುದು ಇಂಗ್ಲಿಷಿನಲ್ಲಿ ಮಾಡಿದ್ದಕ್ಕೆ ಅಂಟಿಸಿದ ಕನ್ನಡದ ಧ್ವನಿ. ಅವನ ಸೀಮೆಯ ಮಾತು, ಬೆಳೆ, ಹಬ್ಬ, ಹೊಳೆಗಳು ಅಧ್ಯಯನದ ವಸ್ತುಗಳೆಂದು ಅವನಿಗೆ ಅನ್ನಿಸುವ ಸಂದರ್ಭವೇ ಅಲ್ಲಿ ಒದಗದು. ಹಲಸಂಗಿಯವರ ದೊಡ್ಡ ಸಾಧನೆಯಿರುವುದು, ಬೀಸುವ ಕಲ್ಲಿನ ಹಾಡು ವಿದ್ವತ್ತಿಗೆ ಯೋಗ್ಯವೆಂದು ಲೋಕಕ್ಕೆ ತೋರಿಸಿದ್ದರಲ್ಲಿ. ಆ ಬಳಗದ ಸಿಂಪಿ ಲಿಂಗಣ್ಣನವರು ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಏರಿದ್ದು ಆ ಯೋಗ್ಯತೆಗೆ ನಾಡು ಕೊಟ್ಟ ಮನ್ನಣೆ.

ಆದ್ದರಿಂದ ಸರ್ಕಾರವೂ ವಿಶ್ವವಿದ್ಯಾಲಯಗಳೂ ಹೆಡ್‌ಸೆಟ್ಟುಗಳ ಖರೀದಿಗೆ ಟೆಂಡರ್ ಕರೆಯುವ ಮುನ್ನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪದವಿ ಕಾಲೇಜುಗಳಲ್ಲಿ ಖಾಲಿಯಿರುವ ಅಧ್ಯಾಪಕರ ಹುದ್ದೆಗಳನ್ನು ಕಾಯಂ ನೇಮಕದಿಂದ ತುಂಬಬೇಕು, ಹೆಣ್ಣುಮಕ್ಕಳ ಹಾಸ್ಟೆಲುಗಳನ್ನು ಕಟ್ಟಬೇಕು, ಸಂಜೆ ಎಂಟರವರೆಗೆ ತೆರೆದಿರುವ ಗ್ರಂಥಾಲಯಗಳನ್ನೂ ಆ ಹೊತ್ತಿಗೆ ಊರು ಮುಟ್ಟಿಸುವ ಬಸ್ಸುಗಳನ್ನೂ ಒದಗಿಸಬೇಕು, ಪ್ರತಿ ಪದವಿಯಲ್ಲಿಯೂ ತನ್ನ ತಾಲ್ಲೂಕಿನ ಒಂದು ವಿಷಯದ ಮೇಲೆ ಸ್ಥಳಕ್ಕೆ ಹೋಗಿ ಮಾಡುವ ಅಧ್ಯಯನವನ್ನು ಕಡ್ಡಾಯಗೊಳಿಸಬೇಕು. ಇಷ್ಟೂ ಆದ ಮೇಲೆ ಹಣ ಉಳಿದರೆ ಹೆಡ್‌ಸೆಟ್ಟುಗಳನ್ನು ಪ್ರಯೋಗಾಲಯದ ಒಂದು ಕಪಾಟಿನಲ್ಲಿ ಇಡಬಹುದು.